ಸ್ಟೀಲ್ ಲೋಟದ ಮುಂದೆ ನಾಲ್ಕು ವರ್ಷ

(ದೃಶ್ಯಕಲಾ ಕಾಲೇಜೊಂದರ ಫೋಟೋಗ್ರಫಿ ಮತ್ತು ಅಪ್ಲೈಡ್ ಆರ್ಟ್ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ. ಮಧ್ಯೆ ಕರೆಂಟ್ ಹೋದಾಗ ಹೇಳಿದ ಜೋಕುಗಳನ್ನು ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಮಾತಾಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟಿದ್ದೇನೆ. ಹೋಟೆಲಿನಲ್ಲಿ ಬೈಟೂ ಕಾಫಿ ಕೊಡುತ್ತಾರಲ್ಲ, ಅಂಥದ್ದು. ಬಾಯಿ ಸ್ವಲ್ಪ ಹೊರಕ್ಕೆ ಬಾಗಿದೆ. ಯಾರಾದರೂ ಇಬ್ಬರು ಬಂದು ಫೋನಿನಲ್ಲಿ ಇದರ ಫೋಟೋ ತೆಗೆಯಿರಿ. ತೆಗೆದಿರಾ? ಈಗ ಜೂಮ್ ಮಾಡಿ, ಏನು ಕಾಣುತ್ತಿದೆ ಅಂತ ಜೋರಾಗಿ ಹೇಳಿ.

ಟ್ಯೂಬ್‌ಲೈಟ್. ಸರಿ. ಕಿಟಕಿ. ಸರಿ. ನಿಮ್ಮದೇ ಕೈ, ಕೈಯಲ್ಲಿ ಫೋನು. ಹಿಂದೆ ನಿಂತಿರುವ ನಿಮ್ಮ ಮೇಷ್ಟ್ರು, ಇರುವುದಕ್ಕಿಂತ ಸ್ವಲ್ಪ ದಪ್ಪಗೆ.

ಇಡೀ ಹಾಲ್ ಕಾಣುತ್ತಿದೆ. ಲೋಟ ಮಾತ್ರ ಕಾಣುತ್ತಿಲ್ಲ, ಅಲ್ವಾ?

ನಮ್ಮಪ್ಪನದು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಎಸ್ಎಸ್ಎಲ್‌ಸಿ ಗ್ರೂಪ್ ಫೋಟೋ, ಮದುವೆ ಆಲ್ಬಂ. ಹಿಂದಿನ ಪರದೆಯ ಮೇಲೆ ಹಿಮದ ಬೆಟ್ಟ, ಅದರ ಕೆಳಗೆ ಯಾಕೋ ಒಂದು ತೆಂಗಿನ ಮರ. ಆ ಬೆಟ್ಟದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮನೆ ನಮ್ಮೂರಲ್ಲಿ ಇರಲಿಲ್ಲ. ನಾನು ಪಿಯುಸಿ ಮುಗಿಸಿ, ಜಾಹೀರಾತು ಫೋಟೋಗ್ರಫಿ ಓದುತ್ತೇನೆ, ನಾಲ್ಕು ವರ್ಷದ ಡಿಗ್ರಿ ಅಂದಾಗ ಅಪ್ಪ ಕೇಳಿದ ಪ್ರಶ್ನೆ ಇದು: ‘ಫೋಟೋ ಹೊಡೆಯೋದಕ್ಕೆ ಡಿಗ್ರಿ ಯಾಕೋ? ನಾನು ಯಾವ ಡಿಗ್ರಿ ಮಾಡಿದೀನಿ?’

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಅರ್ಧ ಜನಕ್ಕೆ ಮನೆಯಲ್ಲಿ ಇದೇ ಪ್ರಶ್ನೆ ಬಂದಿರುತ್ತದೆ. ಇನ್ನರ್ಧ ಜನಕ್ಕೆ ಡಿಗ್ರಿ ಮುಗಿದ ಮೇಲೆ ಬರುತ್ತದೆ.

ಮೊದಲ ವರ್ಷದ ಅಸೈನ್‌ಮೆಂಟ್ ಒಂದು ಲೋಟ. ಮನೆಯಿಂದ ಒಂದು ಸ್ಟೀಲ್ ಲೋಟ ತನ್ನಿ, ಅದರ ಒಂದು ಫೋಟೋ ಕೊಡಿ, ಅಷ್ಟೇ. ನನಗೆ ನಗು ಬಂತು. ಹತ್ತನೇ ಕ್ಲಾಸಿನಿಂದಲೇ ಅಪ್ಪನ ಜೊತೆ ಮದುವೆಗೆ ಹೋದವನು ನಾನು. ಊರಿಗೆ ಹೋದಾಗ ಅಡುಗೆಮನೆಯ ಸ್ಟ್ಯಾಂಡಿನಿಂದ ಒಂದು ಲೋಟ ಎತ್ತಿ ಬ್ಯಾಗಿಗೆ ಹಾಕಿಕೊಂಡು ಬಂದೆ. ಅಪ್ಪ ಮಾಡುವ ಹಾಗೆ ಎರಡು ಕಡೆ ಎರಡು ಕೊಡೆ ಲೈಟ್ ಇಟ್ಟೆ. ಕ್ಲಿಕ್. ಹತ್ತು ನಿಮಿಷದ ಕೆಲಸ.

ಸೋಮವಾರ ಎಲ್ಲರ ಪ್ರಿಂಟುಗಳನ್ನೂ ಬೋರ್ಡಿಗೆ ಚುಚ್ಚಿದರು. ಮೇಷ್ಟ್ರು ನನ್ನ ಪ್ರಿಂಟಿನ ಮುಂದೆ ನಿಂತು, ಲೋಟದ ಹೊಟ್ಟೆ ಮೇಲಿದ್ದ ಒಂದು ಬಿಳಿ ಚುಕ್ಕೆಗೆ ಬೆರಳಿಟ್ಟು, ‘ಇದು ಯಾಕಿದೆ?’ ಅಂದರು.

‘ಬಂತು ಸಾರ್.’

ಪಕ್ಕದಲ್ಲಿ ಇನ್ನೊಂದು ಚುಕ್ಕೆ. ‘ಇದು?’

‘ಅದೂ ಬಂತು ಸಾರ್.’

‘ಈ ಕಪ್ಪು ಗೆರೆ?’

ಅದು ನಾನೇ. ಕ್ಯಾಮೆರಾ ಹಿಂದೆ ನಿಂತಿದ್ದ ನನ್ನ ಪ್ಯಾಂಟು.

ಅವತ್ತಿಂದ ನಮ್ಮ ಕ್ಲಾಸಿನಲ್ಲಿ ‘ಬಂತು’ ಅನ್ನುವ ಮಾತಿಗೆ ನಿಷೇಧ. ಇಟ್ಟೆ ಅನ್ನಬಹುದು, ಬಿಟ್ಟೆ ಅನ್ನಬಹುದು, ತೆಗೆದೆ ಅನ್ನಬಹುದು. ಬಂತು ಅನ್ನುವ ಹಾಗಿಲ್ಲ. ಅಪ್ಪನ ಪ್ರಶ್ನೆಗೆ ಇವತ್ತು ಒಂದೇ ಮಾತಿನಲ್ಲಿ ಉತ್ತರ ಹೇಳು ಅಂದರೆ ಇದನ್ನೇ ಹೇಳುತ್ತೇನೆ. ಕ್ಯಾಮೆರಾ ಕಲಿಯುವುದಕ್ಕೆ ಡಿಗ್ರಿ ಬೇಡ, ಆರು ತಿಂಗಳು ಸಾಕು. ಫೋಟೋದಲ್ಲಿರುವ ಒಂದೊಂದು ಹೊಳಪಿಗೂ ‘ಇದು ಇಲ್ಲಿ ಯಾಕಿದೆ’ ಅಂತ ಕಾರಣ ಹೇಳುವ ಅಭ್ಯಾಸ ಮಾತ್ರ ಒಬ್ಬನೇ ಕೂತರೆ ಬರುವುದಿಲ್ಲ. ಎದುರಿಗೆ ಕೇಳುವವರು ಬೇಕು, ಪದೇ ಪದೇ ಕೇಳಬೇಕು.

ಇರಲಿ, ಲೋಟಕ್ಕೆ ವಾಪಸ್ ಬರೋಣ. ಇದು ಹೈಸ್ಕೂಲಿನ ಪಾಠವೇ. ಬೆಳಕು ಯಾವ ಕೋನದಲ್ಲಿ ಬಂದು ಬೀಳುತ್ತದೋ ಅದೇ ಕೋನದಲ್ಲಿ ವಾಪಸ್ ಹೋಗುತ್ತದೆ. ನಿಮ್ಮ ಕಾಟನ್ ಕರವಸ್ತ್ರದ ಮೇಲೆ ಬಿದ್ದ ಬೆಳಕು ನಾಲ್ಕೂ ದಿಕ್ಕಿಗೆ ಚೆದುರುತ್ತದೆ. ಅದಕ್ಕೇ ಲೈಟ್ ಎಲ್ಲಿಟ್ಟರೂ ಕರವಸ್ತ್ರ ಕಾಣುತ್ತದೆ. ಮುಖದ ಚರ್ಮವೂ ಬಹಳಮಟ್ಟಿಗೆ ಹಾಗೇ. ಅಪ್ಪನ ಎರಡು ಕೊಡೆ ಲೈಟು ಮುಖಕ್ಕೆ ಸಾಕಾಗಿದ್ದು ಈ ಕಾರಣಕ್ಕೆ. ಸ್ಟೀಲು ಹಾಗಲ್ಲ, ಅದು ಕನ್ನಡಿ. ಕನ್ನಡಿಗೆ ಲೈಟ್ ಹಾಕುವುದಕ್ಕೆ ಆಗುವುದಿಲ್ಲ. ಕನ್ನಡಿಯೊಳಗೆ ಏನು ಕಾಣಬೇಕೋ ಅದನ್ನು ಎದುರಿಗೆ ಇಡಬೇಕು, ಇಟ್ಟದ್ದಕ್ಕೆ ಲೈಟ್ ಹಾಕಬೇಕು.

ಅದರಲ್ಲೂ ಲೋಟ ದುಂಡಗಿರುವ ಕನ್ನಡಿ. ಎಡಕ್ಕೆ, ಬಲಕ್ಕೆ, ಕ್ಯಾಮೆರಾ ಹಿಂದಕ್ಕೆ, ಎಲ್ಲ ಕಡೆಯೂ ಅದರ ಕಣ್ಣಿದೆ. ಈ ಬಾಗಿದ ಬಾಯಿ ಇದೆಯಲ್ಲ, ಇದು ಸೂರನ್ನೂ ನೋಡುತ್ತದೆ.

ಹಾಗಾಗಿ ಮಾಡಿದ್ದು ಇಷ್ಟು. ಕೋಣೆ ಪೂರ್ತಿ ಕತ್ತಲೆ. ಲೋಟದ ಎಡಕ್ಕೆ, ಚೌಕಟ್ಟಿನಲ್ಲಿ ಕಾಣದ ಹಾಗೆ, ಆದರೆ ಆದಷ್ಟು ಹತ್ತಿರ, ಒಂದು ದೊಡ್ಡ ಬಟರ್ ಪೇಪರನ್ನು ಬಾಗಿಸಿ ಕಟ್ಟಿದೆ. ಅದರ ಹಿಂದೆ ಒಂದೇ ಲೈಟು. ಲೈಟನ್ನು ಪೇಪರಿಗೆ ಒತ್ತಿ ಇಟ್ಟರೆ ಮಧ್ಯೆ ಬಿಳಿ ಗುಂಡಿ ಥರ ಕಾಣುತ್ತದೆ. ಹಿಂದಕ್ಕೆ ಎಳೆದರೆ ಪೇಪರ್ ಪೂರ್ತಿ ಒಂದೇ ಸಮ ಬೆಳಗಿ ಲೋಟ ಚಪ್ಪಟೆಯಾಗುತ್ತದೆ. ಎರಡರ ನಡುವೆ ಎಲ್ಲೋ ಒಂದು ಜಾಗ ಇದೆ. ಅಲ್ಲಿ ಬಿಳುಪು ಮೆಲ್ಲಗೆ ಬೂದು ಬಣ್ಣವಾಗಿ, ಬೂದು ಮೆಲ್ಲಗೆ ಕಪ್ಪಾಗುತ್ತದೆ. ಆಗ ಲೋಟ ದುಂಡಗಾಗುತ್ತದೆ. ಆ ಜಾಗ ಸಿಗುವುದಕ್ಕೆ ನನಗೆ ಮೂರು ದಿನ ಹಿಡಿಯಿತು.

ಆಮೇಲೆ ಅಂಚು. ಹಿನ್ನೆಲೆ ಬಿಳಿ, ಲೋಟದ ಅಂಚೂ ಬಿಳಿ, ಎರಡೂ ಒಂದರೊಳಗೊಂದು ಕರಗಿಹೋಗುತ್ತಿದ್ದವು. ಸ್ಟೋರ್ ನೋಡಿಕೊಳ್ಳುತ್ತಿದ್ದ ಅಟೆಂಡರ್ ಒಬ್ಬರಿದ್ದರು. ಇಪ್ಪತ್ತು ವರ್ಷದಿಂದ ಹುಡುಗರ ಒದ್ದಾಟ ನೋಡಿದವರು. ಬಾಗಿಲಲ್ಲಿ ನಿಂತು, ‘ಕರೀ ರಟ್ಟು ಇಡಪ್ಪ, ಎರಡೂ ಕಡೆ’ ಅಂದು ಟೀ ಕುಡಿಯೋಕೆ ಹೋದರು. ಕ್ಯಾಲೆಂಡರಿನ ರಟ್ಟಿಗೆ ಕಪ್ಪು ಕಾಗದ ಅಂಟಿಸಿ, ಉದ್ದಕ್ಕೆ ಕತ್ತರಿಸಿ ಎರಡು ಬದಿಗೆ ನಿಲ್ಲಿಸಿದೆ. ಪೆನ್ಸಿಲ್ ತಗೊಂಡು ಬರೆದ ಹಾಗೆ ಅಂಚಿನುದ್ದಕ್ಕೂ ಒಂದು ಸಣ್ಣ ಕಪ್ಪು ಗೆರೆ ಮೂಡಿತು. ನನ್ನ ಡಿಗ್ರಿಯಲ್ಲಿ ಆ ಒಂದು ಗೆರೆಯಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ.

ಪೋಲರೈಸರ್, ಅಂದರೆ ಲೆನ್ಸಿನ ಮುಂದೆ ಹಾಕುವ ಹೊಳಪು ತಗ್ಗಿಸುವ ಫಿಲ್ಟರ್, ಹಾಕಿದರೆ ಆಗಲ್ವಾ ಅಂತ ಯಾರೋ ಪಿಸುಗುಟ್ಟುತ್ತಿದ್ದೀರಿ. ಗಾಜು, ನೀರು, ಪ್ಲಾಸ್ಟಿಕ್‌ನ ಹೊಳಪನ್ನು ಪೋಲರೈಸರ್ ತಗ್ಗಿಸುತ್ತದೆ, ಕೋನ ಸರಿ ಇದ್ದರೆ. ಬರೀ ಲೋಹದ ಮುಂದೆ ಅದರ ಆಟ ನಡೆಯುವುದಿಲ್ಲ. ಲೈಟಿಗೂ ಪೋಲರೈಸಿಂಗ್ ಶೀಟ್ ಹಾಕಿದರೆ ನಡೆಯುತ್ತದೆ. ಆದರೆ ಹೊಳಪೇ ಹೋದ ಸ್ಟೀಲು ಸೀಸದ ಥರ ಕಾಣುತ್ತದೆ. ಸ್ಟೀಲನ್ನು ಸ್ಟೀಲು ಅಂತ ಹೇಳುವುದೇ ಆ ಹೊಳಪು.

ಒಂದು ವಿಷಯ ಮರೆತೆ. ನಾನು ತಂದ ಲೋಟಕ್ಕೆ ಹೊಟ್ಟೆಯ ಹತ್ತಿರ ಒಂದು ನೆಗ್ಗು ಇತ್ತು. ಎರಡನೇ ಸಲ ಪ್ರಿಂಟ್ ಹಾಕಿದಾಗ ಮೇಷ್ಟ್ರು ಅದಕ್ಕೂ ಬೆರಳಿಟ್ಟರು. ‘ಇದು ಯಾಕಿದೆ?’ ಈ ಸಲ ಉತ್ತರ ಇತ್ತು. ‘ಬಿಟ್ಟೆ ಸಾರ್. ಇದು ಅಂಗಡಿ ಲೋಟ ಅಲ್ಲ, ಮನೆ ಲೋಟ.’ ಅವರು ಏನೂ ಹೇಳದೆ ಮುಂದಿನ ಪ್ರಿಂಟಿಗೆ ಹೋದರು. ನಮ್ಮ ಮೇಷ್ಟ್ರ ಲೆಕ್ಕದಲ್ಲಿ ಅದು ಶಾಭಾಸ್‌ಗಿರಿ.

ಫೋಟೋಗ್ರಫಿಯನ್ನು ಹೀಗೆ ಕ್ಲಾಸಿನಲ್ಲಿ ಕೂರಿಸಿ ಕಲಿಸುವುದು ಹೊಸದೇನಲ್ಲ. ಅಮೆರಿಕದಲ್ಲಿ ಕ್ಲಾರೆನ್ಸ್ ವೈಟ್ ಅಂತ ಒಬ್ಬರಿದ್ದರು. ಒಹಾಯೋದ ಒಂದು ಸಣ್ಣ ಊರಿನಲ್ಲಿ, ಕಿರಾಣಿ ಸಗಟು ವ್ಯಾಪಾರದ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದ ಮನುಷ್ಯ. 1907ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫೋಟೋಗ್ರಫಿ ಪಾಠ ಮಾಡಿದರು. 1914ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ಶಾಲೆ ತೆರೆದರು. ಅಲ್ಲಿ ಕ್ಯಾಮೆರಾ ಪಾಠದ ಜೊತೆಗೆ ಡಿಸೈನ್ ಪಾಠವೂ ಇತ್ತು. ಅದನ್ನು ಹೇಳಿಕೊಡುತ್ತಿದ್ದವರು ಚಿತ್ರಕಲಾವಿದ ಮ್ಯಾಕ್ಸ್ ವೆಬರ್.

ಆ ಶಾಲೆಗೆ 1921ರಲ್ಲಿ ಪಾಲ್ ಔಟರ್‌ಬ್ರಿಜ್ ಸೇರಿದರು. ಮಾರನೇ ವರ್ಷವೇ ‘ವ್ಯಾನಿಟಿ ಫೇರ್’ ಪತ್ರಿಕೆಯಲ್ಲಿ ಅವರು ತೆಗೆದ ಒಂದು ಜಾಹೀರಾತು ಬಂತು. ಐಡ್ ಕಂಪನಿಯ ಶರ್ಟ್ ಕಾಲರ್. ಆ ಕಾಲದಲ್ಲಿ ಕಾಲರನ್ನು ಶರ್ಟಿನಿಂದ ಬೇರೆಯಾಗಿ ಮಾರುತ್ತಿದ್ದರು. ಸುಂದರವಾದ ಗಂಡಸಿಲ್ಲ, ಕೋಟಿಲ್ಲ. ಕಪ್ಪು ಬಿಳಿ ಚದುರಂಗದ ಹಾಸಿನ ಮೇಲೆ ಒಂದೇ ಒಂದು ಬಿಳಿ ಕಾಲರ್, ಅಷ್ಟೇ. ಹಾಸಿನ ನೇರ ಗೆರೆಗಳು, ಅದರ ಮೇಲೆ ಕಾಲರಿನ ಬಾಗು. ನೂರು ವರ್ಷ ಆಯ್ತು, ಇವತ್ತಿಗೂ ಅದನ್ನು ಕ್ಲಾಸಿನಲ್ಲಿ ತೋರಿಸಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಅದೇ ವೈಟ್ ಅವರ ಪಾಠ ಕೇಳಿದವರಲ್ಲಿ ಡೊರೊಥಿಯಾ ಲ್ಯಾಂಗ್ ಕೂಡ ಒಬ್ಬರು. 1936ರಲ್ಲಿ ವಲಸೆ ಬಂದ ಕೂಲಿ ತಾಯಿಯ ಫೋಟೋ ತೆಗೆದವರು. ಒಬ್ಬರೇ ಮೇಷ್ಟ್ರು. ಒಬ್ಬರು ಕಾಲರ್ ಮಾರುವ ಚಿತ್ರ ತೆಗೆದರು, ಒಬ್ಬರು ಬಡತನದ ಚಿತ್ರ ತೆಗೆದರು. ಜಾಹೀರಾತು ಫೋಟೋಗ್ರಫಿ ಓದುವವರು ಕಲೆಗೆ ಮೋಸ ಮಾಡಿದವರು ಅಂತ ಪಕ್ಕದ ಡಿಪಾರ್ಟ್‌ಮೆಂಟಿನವರು ಹೇಳಿದರೆ ಇದನ್ನು ಹೇಳಿ.

ಅಮೆರಿಕದ ಇನ್ನೊಬ್ಬ ಫೋಟೋಗ್ರಾಫರ್ ಇರ್ವಿಂಗ್ ಪೆನ್ ಅವರದು ಇನ್ನೂ ಮಜಾ. 1968ರಿಂದ ಕ್ಲಿನಿಕ್ ಅನ್ನುವ ಸೌಂದರ್ಯವರ್ಧಕ ಕಂಪನಿಯ ಕ್ರೀಮು, ಸೋಪಿನ ಫೋಟೋ ತೆಗೆದವರು. ಒಂದು ಗಾಜಿನ ಲೋಟದಲ್ಲಿ ಹಲ್ಲುಜ್ಜುವ ಬ್ರಷ್ ನಿಂತಿರುವ ಅವರ ಚಿತ್ರ ನೋಡಿರುತ್ತೀರಿ. ಅವರು ಫಿಲಡೆಲ್ಫಿಯಾದಲ್ಲಿ 1934ರಿಂದ 38ರವರೆಗೆ ಓದಿದ್ದು ಫೋಟೋಗ್ರಫಿಯನ್ನಲ್ಲ, ಜಾಹೀರಾತು ವಿನ್ಯಾಸವನ್ನು.

ನಮ್ಮ ಕಡೆ ಈ ಕೆಲಸ ಮೊದಲು ಮುಂಬೈಯಲ್ಲಿ ಬೇರುಬಿಟ್ಟಿತು. ಜೆ.ಜೆ. ಕಲಾಶಾಲೆಯಲ್ಲಿ 1935ರಲ್ಲಿ ಕಮರ್ಷಿಯಲ್ ಆರ್ಟ್ ವಿಭಾಗ ಶುರುವಾಯಿತು, 1961ರಲ್ಲಿ ಅದೇ ಬೇರೆ ಸಂಸ್ಥೆಯಾಯಿತು. ಅದೇ ಊರಿನಲ್ಲಿ ಫೋಟೋಗ್ರಾಫರ್ ಮಿತ್ತರ್ ಬೇಡಿ ಅವರು ಕಾರ್ಖಾನೆಯ ಚಿಮಣಿ, ಕೊಳವೆಗಳಲ್ಲೂ ಜಾಹೀರಾತಿನ ಚಿತ್ರ ಕಂಡರು, ಬೇರೆಯವರಿಗೂ ಕಲಿಸಿದರು. ನಮ್ಮ ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾದಲ್ಲಿ ಫೋಟೋಗ್ರಫಿಗೆ ಪದವಿ ಇದೆ, ಹೈದರಾಬಾದಿನ ಲಲಿತಕಲಾ ವಿಶ್ವವಿದ್ಯಾಲಯದಲ್ಲಿದೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್ಐಡಿಯ ಗಾಂಧಿನಗರ ಕ್ಯಾಂಪಸ್ಸಿನಲ್ಲಿ ಸ್ನಾತಕೋತ್ತರ ಪದವಿ ಇದೆ. ಕರ್ನಾಟಕದಲ್ಲಿ ಫೋಟೋಗ್ರಾಫರ್ ಅಂದರೆ ನಮಗೆ ನೆನಪಾಗುವುದು ಪತ್ರಿಕೆಯ ಟಿ.ಎಸ್. ಸತ್ಯನ್, ಕಾಡಿನ ಹನುಮಂತರಾವ್, ಪೆರುಮಾಳ್. ನಾನು ಇಡ್ಲಿ ಫೋಟೋಗ್ರಾಫರ್ ಅಂದರೆ ನೆಂಟರು ಈಗಲೂ ಪಾಪ ಅನ್ನುತ್ತಾರೆ.

ಆ ಇಡ್ಲಿ ವಿಷಯಕ್ಕೇ ಬರುತ್ತೇನೆ.

ಮೂರನೇ ವರ್ಷ ನಮಗೆ ಬ್ರೀಫ್, ಅಂದರೆ ಕ್ಲೈಂಟಿಗೆ ಏನು ಬೇಕು ಅನ್ನುವ ಹಾಳೆ, ಕೊಡಲು ಶುರುಮಾಡಿದರು. ಇಡ್ಲಿ ಹಿಟ್ಟು ಮಾರುವ ಒಂದು ಕಾಲ್ಪನಿಕ ಕಂಪನಿ. ಬ್ರೀಫಿನಲ್ಲಿ ಇದ್ದದ್ದು ಒಂದೇ ಪದ: ಮೆತ್ತಗೆ. ಹೇಳಿ ನೋಡೋಣ, ಮೆತ್ತಗೆ ಅನ್ನುವುದನ್ನು ಹೇಗೆ ಕಣ್ಣಿಗೆ ತೋರಿಸುತ್ತೀರಿ? ಕೈಯಲ್ಲಿ ಮುಟ್ಟಿದರೆ ಗೊತ್ತಾಗುವ ವಿಷಯ ಅದು.

ಎದುರಿನಿಂದ ಲೈಟ್ ಹಾಕಿದರೆ ಇಡ್ಲಿ ಥರ್ಮಾಕೋಲಿನ ತುಂಡು. ಮೇಲಿನಿಂದ ಹಾಕಿದರೆ ಚಂದ್ರಗ್ರಹಣಕ್ಕೆ ಮುಂಚಿನ ಚಂದ್ರ. ಪಕ್ಕದಿಂದ, ತುಂಬಾ ಕೆಳಗೆ, ಹೆಚ್ಚುಕಮ್ಮಿ ತಟ್ಟೆಯ ಮಟ್ಟಕ್ಕೆ ಲೈಟ್ ಇಟ್ಟಾಗ ಮೈಮೇಲಿನ ಸಣ್ಣ ಸಣ್ಣ ತೂತುಗಳಿಗೆಲ್ಲ ಒಂದೊಂದು ನೆರಳು ಸಿಗುತ್ತದೆ. ಆಗ ಅದು ಇಡ್ಲಿ. ಅದನ್ನು ಚಾಕುವಿನಲ್ಲಿ ಕೊಯ್ಯಬಾರದು, ಬೆರಳಲ್ಲಿ ಮುರಿಯಬೇಕು. ಮುರಿದ ಜಾಗದಲ್ಲಿ ಎಳೆ ಎಳೆಯಾಗಿ ಬಿಟ್ಟುಕೊಂಡದ್ದು ಕಂಡರೆ ನೋಡುವವರ ಬೆರಳಿಗೇ ಮೆತ್ತಗೆ ಅನ್ನಿಸುತ್ತದೆ.

ಹಬೆ? ಬಿಳಿ ಗೋಡೆಯ ಮುಂದೆ ಹಬೆ ಕಾಣುವುದಿಲ್ಲ. ಹಿಂದೆ ಕತ್ತಲೆ ಇರಬೇಕು, ಬೆಳಕು ಹಿಂಬದಿಯಿಂದ ಬರಬೇಕು. ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬಂದಾಗ ಮಾತ್ರ ಕಾಫಿಯ ಹಬೆ ಅಷ್ಟು ಚೆನ್ನಾಗಿ ಕಾಣುವುದು ಯಾಕೆ ಅಂತ ಯೋಚಿಸಿದ್ದೀರಾ? ಅದೇ ಕಾರಣ.

ಇಡ್ಲಿಗೂ ಸಿನಿಮಾದ ಹಾಗೆ ಹೀರೋ ಇರುತ್ತದೆ, ಡೂಪ್ ಇರುತ್ತದೆ. ಲೈಟಿಂಗ್ ಸರಿ ಮಾಡುವ ತನಕ ಡೂಪ್ ಇಡ್ಲಿ ತಟ್ಟೆಯಲ್ಲಿ ಕೂತಿರುತ್ತದೆ. ಅಷ್ಟು ಹೊತ್ತಿಗೆ ಅದು ಒಣಗಿ ಸಿಪ್ಪೆ ಕಟ್ಟಿರುತ್ತದೆ, ಪಾಪ. ಎಲ್ಲ ಸರಿ ಅನ್ನಿಸಿದ ಮೇಲೆ ಒಲೆಯಿಂದ ಹೀರೋ ಬರುತ್ತದೆ. ಬಂದ ಎರಡು ನಿಮಿಷದೊಳಗೆ ಕೆಲಸ ಮುಗಿಯಬೇಕು. ಚಟ್ನಿಯ ನೀರು ಬಿಟ್ಟುಕೊಂಡು ತಟ್ಟೆಯಲ್ಲೆಲ್ಲ ಹರಿಯುತ್ತದೆ. ಅದಕ್ಕೆ ಚಟ್ನಿಯನ್ನು ಮೊದಲೇ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಇದೆಲ್ಲ ಯಾವ ಸಿಲಬಸ್ಸಿನಲ್ಲೂ ಇಲ್ಲ. ನಲವತ್ತು ಇಡ್ಲಿ ಹಾಳು ಮಾಡಿದ ಮೇಲೆ ತಾನಾಗೇ ಗೊತ್ತಾಗುತ್ತದೆ. ಹಾಳಾದದ್ದನ್ನು ಹಾಸ್ಟೆಲಿನವರು ತಿಂದರು, ಅದು ಬೇರೆ ಮಾತು.

ಇಲ್ಲಿ ಚಟ್ನಿಯ ಬಗ್ಗೆ ಒಂದು ಜಗಳವಾಯಿತು. ನನ್ನ ಸಹಪಾಠಿಯೊಬ್ಬಳು ಚಟ್ನಿಗೆ ಹಸಿರು ಬಣ್ಣ ಬೆರೆಸಿದ್ದಳು. ಇನ್ನೊಬ್ಬ ಇಡ್ಲಿ ಉಬ್ಬಿರಲಿ ಅಂತ ಕೆಳಗೆ ಹತ್ತಿ ಇಟ್ಟಿದ್ದ. ಯಾವುದು ಸರಿ, ಯಾವುದು ಮೋಸ?

ಮೇಷ್ಟ್ರು ಹೇಳಿದ್ದು ಸೂಪಿನ ಕಥೆ. ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಸೂಪಿನ ಜಾಹೀರಾತಿಗೆ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿ ಹಾಕಿದ್ದರು. ತರಕಾರಿ ತುಂಡುಗಳು ಕೆಳಗೆ ಮುಳುಗದೆ ಮೇಲೇ ಕಾಣಲಿ ಅಂತ. ಸೂಪು ನಿಜವೇ, ತರಕಾರಿಯೂ ನಿಜವೇ. ಆದರೆ ನೋಡಿದವರಿಗೆ ಬಟ್ಟಲು ತುಂಬ ತರಕಾರಿ ಇದೆ ಅನ್ನಿಸುತ್ತದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. 1970ರಲ್ಲಿ ಹೀಗೆ ಮಾಡಕೂಡದು ಅಂತ ಆದೇಶವಾಯಿತು. ಅದಕ್ಕೂ ಮುಂಚೆ 1965ರಲ್ಲಿ ಕೋಲ್ಗೇಟ್-ಪಾಮೊಲಿವ್ ಕಂಪನಿಯ ಶೇವಿಂಗ್ ಕ್ರೀಮಿನ ಟೀವಿ ಜಾಹೀರಾತು ಅಲ್ಲಿನ ಸುಪ್ರೀಂ ಕೋರ್ಟಿಗೇ ಹೋಗಿತ್ತು. ಕ್ರೀಮ್ ಹಚ್ಚಿ ಉಪ್ಪುಕಾಗದವನ್ನೇ ಶೇವ್ ಮಾಡಿ ತೋರಿಸಿದ್ದರು. ಅದು ಉಪ್ಪುಕಾಗದ ಆಗಿರಲೇ ಇಲ್ಲ, ಮರಳು ಉದುರಿಸಿದ ಪ್ಲೆಕ್ಸಿಗ್ಲಾಸ್, ಗಾಜಿನಂಥ ಪ್ಲಾಸ್ಟಿಕ್. ಕಂಪನಿ ಸೋತಿತು.

ನಮ್ಮಲ್ಲಿ ಜಾಹೀರಾತಿನವರೇ 1985ರಲ್ಲಿ ಕಟ್ಟಿಕೊಂಡ, ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಸಿಐ ಸಂಸ್ಥೆ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಆದರೆ ದಂಡದ ಹೆದರಿಕೆಯಿಂದ ಪಾಠ ಮಾಡಬಾರದು. ಮೇಷ್ಟ್ರು ಮತ್ತದೇ ಪ್ರಶ್ನೆಗೆ ಬಂದರು. ಹತ್ತಿ ಯಾಕಿದೆ? ಇಡ್ಲಿ ಉಬ್ಬಿದೆ ಅಂತ ತೋರಿಸಲು. ನೀನು ಮಾರುತ್ತಿರುವುದು ಏನು? ಇಡ್ಲಿ ಉಬ್ಬಿಸುವ ಹಿಟ್ಟು. ಹಾಗಾದರೆ ತೆಗಿ. ಹಸಿರು ಯಾಕಿದೆ? ತಟ್ಟೆ ಚೆನ್ನಾಗಿ ಕಾಣಲಿ ಅಂತ. ಚಟ್ನಿ ಮಾರುತ್ತಿದ್ದೀಯಾ? ಇಲ್ಲ. ಇರಲಿ.

ನನಗೆ ಈಗಲೂ ಆ ಹಸಿರು ಬಣ್ಣದ ಬಗ್ಗೆ ಸ್ವಲ್ಪ ಕಿರಿಕಿರಿ ಇದೆ. ಕೊತ್ತಂಬರಿ ಹಾಕಿದ್ದರೆ ಮುಗಿಯುತ್ತಿತ್ತು.

ಈಗ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಡಿಗ್ರಿ ಮುಗಿಸಿ ಸಿಕ್ಕ ಮೊದಲ ದೊಡ್ಡ ಕೆಲಸ, ಒಂದು ಕುರುಕಲು ತಿಂಡಿಯ ಕಂಪನಿ. ಚಕ್ಕುಲಿ. ಎರಡು ದಿನ ಕೂತು ಎಂಥಾ ಫೋಟೋ ತೆಗೆದೆ ಅಂತೀರಿ! ಒಂದೊಂದು ಮುಳ್ಳಿನ ತುದಿಯಲ್ಲೂ ಎಣ್ಣೆಯ ಹೊಳಪು. ಚೌಕಟ್ಟಿನ ತುಂಬ ಚಕ್ಕುಲಿ, ಉದ್ದಕ್ಕೆ ನಿಂತ ಚಿತ್ರ. ಆರ್ಟ್ ಡೈರೆಕ್ಟರ್ ಒಂದು ನಿಮಿಷ ನೋಡಿದರು. ‘ಸಖತ್ತಾಗಿದೆ. ಅಕ್ಷರ ಎಲ್ಲಿ ಕೂರಿಸಲಿ? ಚಕ್ಕುಲಿ ತೂತಿನೊಳಗಾ?’

ಹೋರ್ಡಿಂಗ್ 20 ಅಡಿ ಅಗಲ, 10 ಅಡಿ ಎತ್ತರ. ನಾನು ತೆಗೆದದ್ದು ಉದ್ದ ನಿಂತ ಚಿತ್ರ. ಬ್ರೀಫಿನ ಎರಡನೇ ಪುಟದಲ್ಲಿ ಅಳತೆ ಇತ್ತು, ನಾನು ಮೊದಲನೇ ಪುಟ ಮಾತ್ರ ಓದಿದ್ದೆ. ಮತ್ತೆ ಶೂಟ್ ಮಾಡಿದ್ದು ನನ್ನ ಖರ್ಚಿನಲ್ಲೇ. ಇರ್ವಿಂಗ್ ಪೆನ್ ವಿನ್ಯಾಸ ಓದಿದ್ದು ಯಾಕೆ ಕೆಲಸಕ್ಕೆ ಬಂತು ಅಂತ ಅವತ್ತು ಚೆನ್ನಾಗಿ ಅರ್ಥವಾಯಿತು.

ಎರಡನೇ ಸಲ ಎಡಗಡೆ ಮೂರನೇ ಒಂದು ಭಾಗ ಖಾಲಿ ಬಿಟ್ಟೆ. ಇಂಗ್ಲಿಷ್ ಸಾಲು ಸರಿಯಾಗಿ ಕೂತಿತು. ಕನ್ನಡದ ಸಾಲು ಕೂರಲಿಲ್ಲ. ಇದು ಯಾವ ಪಾಠದಲ್ಲೂ ಬಂದಿರಲಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು. ‘ಚಕ್ಕುಲಿ’ ಅಂತ ಬರೆದು ನೋಡಿ. ಮಧ್ಯದ ಅಕ್ಷರದ ಕೆಳಗೆ ಕ ಒತ್ತು ನೇತಾಡುತ್ತದೆ. ಇಂಗ್ಲಿಷಿನ ಎರಡು ಸಾಲಿಗೆ ಬೇಕಾದ ಎತ್ತರದಲ್ಲಿ ಕನ್ನಡದ ಎರಡು ಸಾಲು ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಕುಟ್ಟುತ್ತದೆ. ಆಗ ಲೇಔಟ್ ಮಾಡುವವರು ಏನು ಮಾಡುತ್ತಾರೆ? ಕನ್ನಡವನ್ನೇ ಸಣ್ಣದು ಮಾಡುತ್ತಾರೆ. ಊರಲ್ಲಿ ಎಷ್ಟೋ ಹೋರ್ಡಿಂಗುಗಳಲ್ಲಿ ಕನ್ನಡ ಇಕ್ಕಟ್ಟಿನಲ್ಲಿ ಉಸಿರುಗಟ್ಟಿ ನಿಂತಿರುವುದಕ್ಕೆ ಫಾಂಟ್ ಒಂದೇ ಕಾರಣ ಅಲ್ಲ. ಫೋಟೋ ತೆಗೆಯುವಾಗಲೇ ಕನ್ನಡಕ್ಕೆ ಜಾಗ ಬಿಟ್ಟಿರುವುದಿಲ್ಲ. ಈಗ ನಾನು ಕ್ಯಾಮೆರಾ ಪರದೆಯ ಮೇಲೆ ಕನ್ನಡದ ಸಾಲನ್ನೇ ಮೊದಲು ಕೂರಿಸಿ, ಆಮೇಲೆ ವಸ್ತು ಇಡುತ್ತೇನೆ. ಕನ್ನಡ ಕೂತರೆ ಇಂಗ್ಲಿಷ್ ಆರಾಮಾಗಿ ಕೂರುತ್ತದೆ.

ಕಾಲೇಜಿನವರ ಮೇಲೆ ನನಗೆ ಒಂದು ದೂರಿದೆ. ದುಡ್ಡಿನ ವಿಷಯ ಯಾರೂ ಹೇಳಿಕೊಡುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ, ಅರ್ಧ ಪುಟ ಅಷ್ಟೇ. ಯಾರೋ ಹಣ ಕೊಟ್ಟು ನಿಮ್ಮಿಂದ ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಹಕ್ಕಿನ ಮೊದಲ ಒಡೆಯರು ಅವರೇ. ನೀವಲ್ಲ. ಒಂದು ಕರಪತ್ರಕ್ಕೆ ಅಂತ ತೆಗೆದದ್ದು ಮಾರನೇ ವರ್ಷ ಬಸ್ಸಿನ ಮೇಲೆ ಓಡಾಡಿದರೆ ಕೇಳುವ ಹಾಗಿಲ್ಲ. ಅದಕ್ಕೇ ಕ್ಲಿಕ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಎಲ್ಲೆಲ್ಲಿ ಬಳಸುತ್ತಾರೆ, ಎಷ್ಟು ದಿನ, ಎಷ್ಟು ದುಡ್ಡು. ನನ್ನ ಸ್ನೇಹಿತನೊಬ್ಬ ತಾನು ತೆಗೆದ ಫೋಟೋ ಇದ್ದ ಹೋರ್ಡಿಂಗಿನ ಕೆಳಗೇ ಬಸ್ಸಿಗೆ ಕಾಯುತ್ತಿದ್ದ. ಕೈಯಲ್ಲಿ ಟಿಕೆಟ್ಟಿಗೆ ಚಿಲ್ಲರೆ ಇರಲಿಲ್ಲ.

ಇನ್ನು ನೀವೆಲ್ಲ ಕೇಳಬೇಕು ಅಂತ ಕೂತಿರುವ ಪ್ರಶ್ನೆ ಗೊತ್ತಿದೆ. ಕಂಪ್ಯೂಟರೇ ಲೋಟ ಮಾಡಿಕೊಡುತ್ತದಲ್ಲ, ಬಟರ್ ಪೇಪರ್ ಯಾಕೆ?

ಬೆಂಗಳೂರಿನ ನಾಗಸಂದ್ರ ಮೆಟ್ರೋ ಪಕ್ಕ ಐಕಿಯಾ ಅನ್ನುವ ಪೀಠೋಪಕರಣದ ಅಂಗಡಿ ಇದೆ, 2022ರ ಜೂನ್‌ನಲ್ಲಿ ತೆರೆದದ್ದು. ನೀವೆಲ್ಲ ಹೋಗಿರುತ್ತೀರಿ, ಹೆಚ್ಚಿನವರು ತಿನ್ನುವುದಕ್ಕೆ. ಆ ಕಂಪನಿಯ ಕ್ಯಾಟಲಾಗ್‌ನಲ್ಲಿ 2006ರಲ್ಲಿ ಬರ್ಟಿಲ್ ಅನ್ನುವ ಒಂದು ಮರದ ಕುರ್ಚಿಯ ಚಿತ್ರ ಬಂತು. ಅದು ಫೋಟೋ ಅಲ್ಲ, ಕಂಪ್ಯೂಟರಿನಲ್ಲಿ ಮಾಡಿದ್ದು. ಓದಿದವರಿಗೆ ಗೊತ್ತಾಗಲೇ ಇಲ್ಲ. 2014ರ ಹೊತ್ತಿಗೆ ಅವರ ವಸ್ತುಗಳ ಚಿತ್ರಗಳಲ್ಲಿ ಸುಮಾರು ಮುಕ್ಕಾಲು ಭಾಗ ಹಾಗೇ ತಯಾರಾಗುತ್ತಿದ್ದವು. ಮಧ್ಯೆ ಏನಾಯಿತು ಅನ್ನುವುದು ನನಗೆ ಮುಖ್ಯ. ಕಂಪ್ಯೂಟರಿನವರು ಮಾಡಿದ ಚಿತ್ರಗಳಲ್ಲಿ ಕೆಲವು ಚೆನ್ನಾಗಿದ್ದವು, ಕೆಲವು ಜೀವ ಇಲ್ಲದ ಹಾಗಿದ್ದವು. ಆಗ ಕಂಪನಿ ತನ್ನ ಫೋಟೋಗ್ರಾಫರುಗಳಿಗೆ 3ಡಿ ಕಲಿಸಿತು, 3ಡಿ ಮಾಡುವವರಿಗೆ ಕ್ಯಾಮೆರಾ ಕೊಟ್ಟು ಫೋಟೋಗ್ರಫಿ ಕಲಿಸಿತು.

3ಡಿ ಸಾಫ್ಟ್‌ವೇರ್‌ನಲ್ಲಿ ಲೋಟ ಇಟ್ಟು ನೋಡಿ. ಅಲ್ಲೂ ಲೈಟ್ ಎಲ್ಲಿಡಲಿ ಅಂತಲೇ ಕೇಳುತ್ತದೆ. ಎಐಗೆ ಹೇಳಿ, ಕೇಳಿದ ತಕ್ಷಣ ಹತ್ತು ಲೋಟ ಕೊಡುತ್ತದೆ. ಎಲ್ಲದರಲ್ಲೂ ಹೊಳಪು ಬಂದಿರುತ್ತದೆ. ಬಂದಿರುತ್ತದೆ, ಅಷ್ಟೇ. ಹತ್ತರಲ್ಲಿ ಯಾವುದನ್ನು ಆರಿಸಲಿ, ಯಾಕೆ ಅಂತ ಕ್ಲೈಂಟ್ ಕೇಳಿದರೆ ಹೇಳುವವರು ಬೇಕಲ್ಲ. ಸುಮ್ನೆ ಧೈರ್ಯ ಹೇಳುತ್ತಿಲ್ಲ. ಬಿಳಿ ಹಿನ್ನೆಲೆಯಲ್ಲಿ ಶಾಂಪೂ ಬಾಟಲಿ ತೆಗೆಯುವಂಥ ಕೆಲಸ ಕಮ್ಮಿಯಾಗಿದೆ, ಇನ್ನೂ ಆಗುತ್ತದೆ. ಅದನ್ನೇ ನಂಬಿ ಸ್ಟುಡಿಯೋ ಹಾಕುವುದಾದರೆ ಎರಡು ಸಲ ಯೋಚಿಸಿ.

ಕೊನೆಗೆ ಒಂದಿಬ್ಬರು ಪ್ರಶ್ನೆ ಕೇಳಿದರು. ಮೊದಲ ಸಾಲಿನ ಹುಡುಗಿ, ‘ಸಾರ್, ಯಾವ ಕ್ಯಾಮೆರಾ ತಗೊಳ್ಳಲಿ?’ ಅಂದಳು. ಈ ವರ್ಷ ಯಾವುದೂ ಬೇಡ, ಕಾಲೇಜಿನದು ಸಾಕು ಅಂದೆ. ಎರಡು ಬಟರ್ ಪೇಪರ್, ನಾಲ್ಕು ಥರ್ಮಾಕೋಲ್ ಶೀಟು, ಕಪ್ಪು ರಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪು ಒಂದು ಡಜನ್, ಒಂದು ಟಾರ್ಚು. ಮತ್ತೆ ಸ್ಟೋರಿನವರ ಜೊತೆ ಚೆನ್ನಾಗಿರಿ.

ಹಿಂದಿನಿಂದ ಒಬ್ಬ ಹುಡುಗ ಕೇಳಿದ: ‘ನಿಮ್ಮಪ್ಪ ಆಮೇಲೆ ಏನಂದರು?’

ಕೊನೆಯ ವರ್ಷದ ಪ್ರದರ್ಶನಕ್ಕೆ ಅಪ್ಪ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು, ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಚಿತ್ರ ನೋಡುತ್ತಾ ಬಂದರು. ಇಡ್ಲಿಯ ಮುಂದೆ ನಿಲ್ಲಲಿಲ್ಲ. ಮೊದಲ ವರ್ಷದ ಲೋಟವನ್ನು ದೊಡ್ಡದಾಗಿ, ಮೂರಡಿ ಪ್ರಿಂಟ್ ಹಾಕಿಸಿದ್ದೆ. ಅದರ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹತ್ತಿರ ಹೋಗಿ, ಆ ನೆಗ್ಗಿಗೆ ಬೆರಳಿಟ್ಟರು.

‘ಇದು ನಮ್ಮನೆ ಲೋಟ ಅಲ್ವೇನೋ? ನಿಮ್ಮಮ್ಮ ಮೂರು ವರ್ಷದಿಂದ ಕೆಲಸದವಳ ಮೇಲೆ ಅನುಮಾನಪಡ್ತಿದಾಳೆ.’